ಸಂಜೆ ಆರರೊಳಗೆ

ಏಳು ಘಾಟಿ, ನೂರು ಮಂದಿ ಕಾವಲಿನವರು.
ಆಗುಂಬೆಗೆಷ್ಟು, ಹುಲಿಕಲ್ಲಿಗೆಷ್ಟು, ನಾಗೋಡಿಗೆಷ್ಟು,
ಒಂದೇ ಸಾಲಿನಲ್ಲಿ ಏಳು ಅಂಕಿ ಬರೆದು
ಸಂಜೆ ಆರರೊಳಗೆ ಒಪ್ಪಿಸಬೇಕು.
ಆರೂ ಒಂದಕ್ಕೆ ಯಂತ್ರ ಬಾಗಿಲು ಹಾಕಿ
ಮೂವತ್ತೆಂಟು ಸಾಲುಗಳನ್ನು ಒಂದಕ್ಕೊಂದು ಕಾದಾಡಿಸುತ್ತದೆ.
ಹೆಚ್ಚು ಮಂದಿ ನಿಂತವರಿಗೆ ಘಾಟಿ.
ಅಷ್ಟೇ ಆಟ. ದಿನಾ. ಭಾನುವಾರವೂ.

ಜಸಿಂತಾ ಮೇಡಂ ಮೊದಲ ದಿನವೇ ಹೇಳಿದ್ದರು:
"ಚೀಟಿ ಬೇಡ, ವಾಟ್ಸಾಪ್ ಬೇಡ,
ಗಿಟ್‌ನಲ್ಲಿ ಹಾಕಿ. ಆರರ ತನಕ ಅವರವರ ಗೂಡು ಅವರವರಿಗೆ,
ಆಮೇಲೆ ಎಲ್ಲರದ್ದೂ ಎಲ್ಲರಿಗೆ.
ಯಾರು ಬದಲಿಸಿದರು, ಯಾವಾಗ, ಅದು ಬರೆದುಕೊಳ್ಳುತ್ತದೆ.
ಯಾಕೆ ಅನ್ನುವುದನ್ನು ನೀವೇ ಬರೆಯಬೇಕು."

ನನಗೇನೂ ಹೊಸತಲ್ಲ ಇದು.
ಅಪ್ಪ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಸಂಚಾರ ನಿಯಂತ್ರಕ.
ಸಾಗರದ ಗಾಡಿ ಬಂದದ್ದು, ಶಿರಾಳಕೊಪ್ಪದ್ದು ಹೊರಟದ್ದು,
ಮೊಳದುದ್ದ ರಿಜಿಸ್ಟರಿನಲ್ಲಿ ನೀಲಿ ಶಾಯಿ.
ತಪ್ಪಿದರೆ ರಬ್ಬರಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ,
ಓದಲು ಬರುವ ಹಾಗೆ ಒಂದೇ ಗೆರೆ,
ಪಕ್ಕದಲ್ಲೊಂದು ಪುಟ್ಟ ಸಹಿ.
"ತಪ್ಪೂ ಕಾಣಬೇಕು ಮಗಾ, ತಿದ್ದಿದವನೂ ಕಾಣಬೇಕು."

ಹದಿನಾರು ದಿನಗಳ ನನ್ನ 'ಯಾಕೆ'ಗಳು:
ಕೊಲ್ಲೂರು ಬಿಟ್ಟುಕೊಟ್ಟೆ, ನೋಡೋಣ.
ಹಾಲಪ್ಪನಿಗೆ ಹೆದರಿ ಆಗುಂಬೆಗೆ ಹತ್ತು ಸೇರಿಸಿದೆ.
ಹೆದರಬಾರದಿತ್ತು.
ಸುಮ್ಮನೆ.

ಹದಿನೇಳನೆಯ ದಿನ ಐದೂ ಐವತ್ತಕ್ಕೆ
ಲ್ಯಾಬಿನ ಮೂಲೆಯಲ್ಲಿ ಕೂತು ಹೊಸ ಸಾಲು ಹೊಸೆದೆ.
ಜಾಣ ಸಾಲು. ಎರಡು ರಾತ್ರಿ ಲೆಕ್ಕ ಹಾಕಿದ್ದು.
ಕಮಿಟ್ ಎಂದು ಒತ್ತಿದೆನೋ ಇಲ್ಲವೋ
ಕೌಸರ್ ಬಾಗಿಲಲ್ಲಿ ಕೈ ಬೀಸಿದಳು,
ದುರ್ಗಿಗುಡಿಯಲ್ಲಿ ಮಂಡಕ್ಕಿ, ಮಿರ್ಚಿ, ಅವಳದೇ ಖರ್ಚು.

ಕಮಿಟ್ ಆಗಿತ್ತು. ಪುಶ್ ಆಗಿರಲಿಲ್ಲ.
ಲಕೋಟೆಗೆ ಅಂಟು ಹಚ್ಚಿ, ವಿಳಾಸ ಬರೆದು
ಬ್ಯಾಗಿನಲ್ಲೇ ಇಟ್ಟುಕೊಂಡು ಊರು ಸುತ್ತಿದ ಹಾಗೆ.
ನನ್ನ ನೂರು ಮಂದಿ ಲ್ಯಾಪ್‌ಟಾಪಿನ ಕತ್ತಲಲ್ಲಿ
ಟಿಫಿನ್ ಡಬ್ಬಿಗೆ ಒರಗಿ ನಿಂತಿದ್ದರು.
ಯಂತ್ರ ಹಳೆಯದನ್ನೇ ಎತ್ತಿಕೊಂಡಿತು,
ಹಿಂದಿನ ಸಂಜೆ ಇಪ್ಪತ್ತೊಂಬತ್ತನೆಯದಾಗಿ
ಮಣ್ಣು ಮುಕ್ಕಿದ್ದ ಅದೇ ಸಾಲನ್ನು.

ಅದು ಗೆದ್ದಿತು. ಮೊದಲನೆಯದಾಗಿ.
ಎಲ್ಲರೂ ನಿನ್ನೆಯ ಗೆದ್ದವನನ್ನು ಹೊಡೆಯಲು
ಆಗುಂಬೆಯತ್ತ ಸರಿದಿದ್ದರು,
ಖಾಲಿ ಬಿದ್ದ ನಾಕು ಘಾಟಿಗಳಲ್ಲಿ
ನನ್ನವರು ಸುಮ್ಮನೆ ಬೀಡಿ ಸೇದುತ್ತ ನಿಂತಿದ್ದರು.

"ಬಾ, ಬೋರ್ಡಿನ ಹತ್ತಿರ. ನಿನ್ನ ತಂತ್ರ ಏನು?"
ಮರೆವು ಅಂದೆ.
ನಕ್ಕರು. ಅಬ್ಬಾ ನಾಟಕವೇ, ಅಂದ ಮಾಲ್ತೇಶ.
ಹಾಲಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಕದಲದಿರುವುದು.
ಲಾಗ್ ತೆರೆದು ತೋರಿಸಿದೆ,
ಹದಿನೇಳರ ಎದುರು ಏನೂ ಇಲ್ಲ, ನೋಡಿ.
ಖಾಲಿ ಜಾಗ ಸಾಕ್ಷಿ ಹೇಳುತ್ತದೆಂದುಕೊಂಡಿದ್ದೆ,
ಅವರಿಗದು ಇನ್ನೂ ದೊಡ್ಡ ಚಾಲಾಕಿಯಾಗಿ ಕಂಡಿತು.
ನಿಜ ಹೇಳಿದರೂ ಆ ಕೋಣೆಯಲ್ಲಿ
ಅದೊಂದು ಪಟ್ಟು.

ರಾತ್ರಿ ಆ ಜಾಣ ಸಾಲನ್ನು ಮನೆಯಲ್ಲೇ ಆಡಿಸಿ ನೋಡಿದೆ.
ಮೂವತ್ತೊಂದನೆಯ ಸ್ಥಾನ.
ಈಗ ಪುಶ್ ಮಾಡಿದರೆ ಐದೂ ಐವತ್ತೆಂದೇ ಮುದ್ರೆ ಬೀಳುತ್ತದೆ,
ಹೊತ್ತಿಗೆ ಮುಂಚೆ ಬಂದವಳ ಹಾಗೆ ಕಾಣುತ್ತೇನೆ.
ಅಳಿಸಿಬಿಟ್ಟರೆ ಇರಲೇ ಇಲ್ಲ.

ಅಪ್ಪ ಎರಡನೇ ಪಾಳಿ ಮುಗಿಸಿ ಬಂದರು.
"ಗೆದ್ದೆಯಂತಲ್ಲ?"
"ಬಸ್ಸು ಹೊರಡಲೇ ಇಲ್ಲ ಅಪ್ಪ, ಆದರೂ ಮೊದಲು ಮುಟ್ಟಿತು."
ಅನ್ನ ಕಲಸುತ್ತ ಯೋಚಿಸಿದರು.
"ಹಾಗಾದರೆ ಟ್ರಿಪ್ಪು ರದ್ದು ಅಂತ ಬರೆ.
ಕಲೆಕ್ಷನ್ ಮಾತ್ರ ಹೆಂಗೆ ಬಂತೋ ದೇವರೇ ಬಲ್ಲ."

ಕಳಿಸಿದೆ. ಅದರ ಬೆನ್ನಿಗೆ ಇನ್ನೊಂದು, ಬರೀ 'ಯಾಕೆ' ಮಾತ್ರ:
ಮೇಲಿನದು ತಲುಪಿದ್ದು ಮರುದಿನ ರಾತ್ರಿ. ಗೆದ್ದದ್ದು ಇದಲ್ಲ.
ಕೊನೆಗೆ ನನ್ನ ಹೆಸರಿನ ಮೊದಲಕ್ಷರ,
ಅದೇನೂ ಬೇಕಿರಲಿಲ್ಲ, ಗಿಟ್‌ಗೆ ನಾನು ಗೊತ್ತು.

ಅದರ ಮರುದಿನ ಹನ್ನೊಂದು ಜನ
ಏನನ್ನೂ ಒಪ್ಪಿಸದೆ ಕೈಕಟ್ಟಿ ಕೂತರು,
ಗಡಿಯಾರ ನೋಡುತ್ತ, ಒಬ್ಬರನ್ನೊಬ್ಬರು ನೋಡುತ್ತ.
ಐದೂ ಐವತ್ತೆಂಟು.
ನಾನು ನಾಗೋಡಿಗೆ ನಲವತ್ತು ಮಂದಿಯನ್ನು ಹತ್ತಿಸಿ
ಎರಡು ಸಲ ಸೀಟಿ ಊದಿದೆ.