ಶೇಕಡಾ ತೊಂಬತ್ತನಾಲ್ಕು

ಫೋನು ಬಂದದ್ದು ಜಲಂಧರದ ಬೀಜ ಬಂದಿಳಿದ ವಾರ,
ಸಂತೇಪೇಟೆಯಿಂದ ಬಿ.ಎಂ. ರಸ್ತೆಯ ತನಕ
ಲಾರಿಗಳು ಮೂತಿಗೆ ಬಾಲ ತಾಗಿಸಿ ನಿಂತಿದ್ದವು.
"ಜಬೀನಮ್ಮ, ಬೇಗ ಬಾ, ಕಂಪ್ಯೂಟರು ತುಂಬಿಹೋಗಿದೆ."

ಕೋಲ್ಡ್ ಸ್ಟೋರೇಜಿನ ಗುಮಾಸ್ತ ಪದ್ಮರಾಜಯ್ಯ,
ಮೇ ತಿಂಗಳಲ್ಲೂ ಮಫ್ಲರು ಬಿಚ್ಚದವರು,
ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಪರದೆ ಮುಟ್ಟಿದರು:
ಮೆಮೊರಿ, ಶೇಕಡಾ ತೊಂಬತ್ತನಾಲ್ಕು.
"ಇನ್ನು ಆರು ಉಳಿದಿದೆ. ಆರು! ಆಮೇಲೆ?"

ನಾನು ಸ್ಕ್ರೂಡ್ರೈವರು ತೆಗೆಯಲಿಲ್ಲ.
ಟೀ ಕೇಳಿದೆ.

ಬೆಳಿಗ್ಗೆ ನೀವು ತೆರೆದು ಮುಚ್ಚಿದ ಹೋದ ವರ್ಷದ ಲೆಕ್ಕ
ಇದರೊಳಗೆ ಇನ್ನೂ ಇದೆ ಸಾರ್, ಕೈಗೆಟುಕುವಲ್ಲಿ,
ಮತ್ತೆ ಕೇಳಿದರೆ ಡಿಸ್ಕಿನ ತನಕ ಹೋಗಿಬರುವ ಕಷ್ಟ ಬೇಡ ಅಂತ.
ಯಾರಾದರೂ ಜಾಗ ಕೇಳಿದರೆ ಸದ್ದಿಲ್ಲದೆ ಎದ್ದುಕೊಡುತ್ತದೆ,
ಬಸುರಿ ಹತ್ತಿದರೆ ಬಸ್ಸಿನಲ್ಲಿ ಏಳುವ ಹುಡುಗನಂತೆ.
(ಹದಿಮೂರು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಯ
ಕರೆಂಟು ಮೀಟರಿನ ನಂಬರು, ಎಂಟೂ ಅಂಕಿ,
ನನ್ನ ತಲೆಯಲ್ಲಿ ಹಾಗೇ ಕೂತಿದೆ.
ಆ ಜಾಗವನ್ನು ಇನ್ನೂ ಯಾರೂ ಕೇಳಿಲ್ಲ, ಅಷ್ಟೆ.)
ಇರಲಿ ಅಂತ ಇಟ್ಟದ್ದನ್ನೂ
ಬೇಕು ಅಂತ ಇಟ್ಟದ್ದನ್ನೂ
ಒಂದೇ ಬಣ್ಣ ಬಳಿದು ತೋರಿಸುತ್ತದೆ ಈ ಪಟ್ಟಿ.

"ಹಾಗಾದರೆ ಖಾಲಿ ಎಷ್ಟು?"
ಖಾಲಿ ಎಷ್ಟು ಅನ್ನಬೇಡಿ. ಸಿಗುವುದೆಷ್ಟು ಅನ್ನಿ.

ಅವರು ಸುಮ್ಮನಾದರು. ಹೊರಗೆ ಕಂಪ್ರೆಸರು ಕೆಮ್ಮಿ, ನಿಂತು,
ಮತ್ತೆ ಹಿಡಿದುಕೊಂಡಿತು.
"ಎರಡನೇ ಕೋಣೆ ಹತ್ತು ಸಾವಿರ ಮೂಟೆಯದು ಕಣಮ್ಮ.
ಟೋಕನ್ ಕೊಟ್ಟಿರೋದು ಹದಿನಾಲ್ಕಕ್ಕೆ.
ಎಲ್ಲರೂ ಒಂದೇ ದಿನ ಬರೋಲ್ಲ ಅನ್ನೋ ಧೈರ್ಯ.
ಬರೆದದ್ದೇ ಬೇರೆ, ಬಂದದ್ದೇ ಬೇರೆ."
ಇದೂ ಹಾಗೇ ಸಾರ್, ಕೇಳಿದವರಿಗೆಲ್ಲ ಹ್ಞೂಂ ಅನ್ನುತ್ತದೆ,
ಮೂಟೆ ಇಳಿಸುವ ಗಳಿಗೆಯಲ್ಲಷ್ಟೇ ನೆಲ ಹುಡುಕುತ್ತದೆ.

"ಮೊಸಳೆ ಹೊಸಳ್ಳಿಯ ಮೂವರು ಪಾಲುದಾರರು
ಕೂಡಿ ಇಟ್ಟದ್ದು ಇನ್ನೂರು ಮೂಟೆ.
ಮೂವರೂ ತಂತಮ್ಮ ಪುಸ್ತಕದಲ್ಲಿ ಇನ್ನೂರು ಬರೆದುಕೊಂಡರು.
ಆರುನೂರು ಅಂತ ಹುಡುಕಿ ಹುಡುಕಿ
ಒಂದು ರಾತ್ರಿ ನನ್ನ ಕಿವಿ ಮರಗಟ್ಟಿತ್ತು."
ನಾನು ನಕ್ಕು ಬ್ರೌಸರಿನ ಸಾಲುಗಳನ್ನು ತೋರಿಸಿದೆ:
ಹನ್ನೊಂದು ಹೆಸರು, ಹಂಚಿಕೊಂಡ ಒಂದೇ ಸರಕನ್ನು
ಪೂರ್ತಿ ತನ್ನದೆಂದು ಬರೆಸಿಕೊಂಡವು.
ಕೂಡಿಸಿದರೆ ಯಂತ್ರದಲ್ಲಿರುವುದಕ್ಕಿಂತ ಹೆಚ್ಚು.
ಯಾವ ಸಾಲೂ ಸುಳ್ಳಲ್ಲ.
ಮೊತ್ತ ಸುಳ್ಳು.

"ನಿಜವಾಗ್ಲೂ ತುಂಬಿದರೆ?"
ಒಬ್ಬರನ್ನು ಮುಗಿಸುತ್ತದೆ. ಸಾಮಾನ್ಯವಾಗಿ
ಎಲ್ಲರಿಗಿಂತ ಹೆಚ್ಚು ಹಿಡಿದು ಕೂತವನನ್ನು. ನೋಟೀಸು ಇಲ್ಲ.

ಆ ಮಾತನ್ನು ಅವರು ಕಲ್ಲುಸಕ್ಕರೆಯಂತೆ
ಬಾಯಲ್ಲಿ ಹೊರಳಿಸುತ್ತ ಇದ್ದುಬಿಟ್ಟರು.
"ದೊಡ್ಡವನನ್ನ?"
ಕಿಟಕಿಯಾಚೆ ನೋಡಿದರು. ಗೇಟಿನ ಬಳಿ
ಟಿವಿಎಸ್ ಹಿಂದೆ ಎರಡೇ ಮೂಟೆ ಕಟ್ಟಿಕೊಂಡವನೊಬ್ಬ
ಬೆಳಗಿನಿಂದ ಒಂದು ಕಾಲೂರಿ ನಿಂತಿದ್ದ.
"ನಮ್ಮಲ್ಲಿ ಅವನನ್ನ ವಾಪಸು ಕಳಿಸ್ತೀವಮ್ಮ."

ಕಂಪ್ಯೂಟರು ತೆವಳಲು ಕಾರಣ ಬೇರೆಯೇ ಇತ್ತು.
ಟೋಕನ್ ಮುದ್ರಿಸುವ ಪ್ರೋಗ್ರಾಮು ಪ್ರತಿ ಚೀಟಿಗೂ
ಅಂಗೈಯಗಲ ಜಾಗ ಕೇಳಿ ಪಡೆಯುತ್ತಿತ್ತು,
ಹಿಂತಿರುಗಿಸುವ ಸಾಲನ್ನು ಬರೆದವನು ಮರೆತಿದ್ದ.
ಮುಚ್ಚಿದೆ, ತೆರೆದೆ. ತೊಂಬತ್ತನಾಲ್ಕು ಅರವತ್ತೊಂದಾಯಿತು.
ಸಂಜೆಗೆ ಮತ್ತೆ ಏರುತ್ತದೆ, ಹೆದರಬೇಡಿ, ಅಂದೆ.
ಮುನ್ನೂರು ರೂಪಾಯಿ. ರಸೀದಿಗೆ ಸಹಿ ಹಾಕುವಾಗಲೂ
ಪದ್ಮರಾಜಯ್ಯನ ಕಣ್ಣು ಕಿಟಕಿಯಲ್ಲೇ ಇತ್ತು.

ಪೆನ್ಷನ್ ಮೊಹಲ್ಲಾದ ಕಡೆ ಗಾಡಿ ತಿರುಗಿಸಿದಾಗ
ಆ ಟಿವಿಎಸ್ ಗೇಟಿನಲ್ಲಿ ಇರಲಿಲ್ಲ.
ನೆಲದ ಮೇಲೆ ಮೂಟೆ ಉದುರಿಸಿದ ಒಂದಿಷ್ಟು ಕೆಂಪು ಮಣ್ಣು.
ಒಳಗೆ ಹೋದನೋ, ಹಿಂದಕ್ಕೆ ಹೋದನೋ,
ಅದನ್ನು ತೋರಿಸುವ ಪಟ್ಟಿ
ನನಗೆ ಗೊತ್ತಿರುವ ಯಾವ ಪರದೆಯಲ್ಲೂ ಇಲ್ಲ.