ಒಂದು ರಾತ್ರಿಯ ಬಾಬ್ತು

ನವನಗರ, ಸೆಕ್ಟರ್ ನಲವತ್ತೆರಡು.
ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಮ್ಮ ಸಂಶೋಧನಾ ಕೇಂದ್ರ:
ಎರಡು ಕೋಣೆ, ಒಂದು ಕಬ್ಬಿಣದ ಕಪಾಟು,
ಕಪಾಟಿನೊಳಗೆ ಮುನ್ನೂರಾ ಹನ್ನೊಂದು ಹೆಂಗಸರ ಮಾತು
ದಾರ ಕಟ್ಟಿ, ನಂಬರು ಹಚ್ಚಿ.

ನಾನು ಲೆಕ್ಕ ಬರೆಯುವವನು.
ಡಾಕ್ಟರ್ ಮೆಹಜಬೀನ ಬಾಗವಾನ ಬರೆದದ್ದು
ನೂರಾ ತೊಂಬತ್ತು ಪುಟ:
ಗರ್ಭಚೀಲ ತೆಗೆಯುವ ಮುನ್ನ ಹೆಬ್ಬೆಟ್ಟು ಒತ್ತಿಸಿಕೊಂಡ
ಕಾಗದದಲ್ಲಿ ಏನಿತ್ತು, ಯಾರು ಓದಿದರು, ಯಾವ ಭಾಷೆಯಲ್ಲಿ,
ಒತ್ತಿದ ಮೇಲೆ ಶಾಯಿ ಒರೆಸಿಕೊಳ್ಳಲು
ಅರಿವೆ ಕೊಟ್ಟರೋ ಇಲ್ಲವೋ,
ಅದೂ.

"ಇದು ಪುಸ್ತಕ ಆತು," ಅಂದರು ಮೇಡಮ್ಮು,
"ಇನ್ನ ಕಾಯ್ದೆ ಆಗಬೇಕು. ಅದಕ್ಕ ರೊಕ್ಕ ಬೇಕು."

ಹಾಗೆ ಬಂತು ನನ್ನ ಮೇಜಿಗೆ
ದಿಲ್ಲಿಯ ಪ್ರತಿಷ್ಠಾನವೊಂದರ ಅರ್ಜಿ, ಕಾಲಮ್ಮಿನ ಮೇಲೆ ಕಾಲಮ್ಮು.
'ನಿಮ್ಮ ಸಂಶೋಧನೆಯನ್ನು ಒಂದೇ ವಾಕ್ಯದಲ್ಲಿ ಹೇಳಿ.'

ಮೂರು ದಿನ ಬರೆದರು, ಹೊಡೆದುಹಾಕಿದರು.
ನಾಲ್ಕನೇ ದಿನ ಕಪಾಟು ತೆರೆದು
ನೂರಾ ನಾಲ್ಕನೇ ನಂಬರು ತೆಗೆದರು:
ತುಳಸವ್ವ ಹಾನಾಪುರ, ಗುಳೇದಗುಡ್ಡ,
ವಯಸ್ಸು ಮೂವತ್ತೊಂದು, ಕಸುಬು ಖಣ ನೇಯುವುದು.
"ಒಂದು ಖಣ ಆರಿಸಾಕ ಮಂದಿ
ನಮ್ಮ ಕಟ್ಟೀ ಮ್ಯಾಲ ಅರ್ಧಾ ದಿನಾ ಕುಂದರ್ತಾರ್ರಿ.
ಮನೀಗೆ ಒಯ್ದು ತೋರಿಸಿ, ಮನಸಿಗೆ ಬರಲಿಲ್ಲಂದ್ರ
ಮರುದಿನ ಹೊಳ್ಳಿ ತರ್ತಾರ.
ನನಗ ಒಂದು ರಾತ್ರೀನೂ ಕೊಡಲಿಲ್ಲ."

ಬರೆದೆವು: ತುರ್ತಿಲ್ಲದಾಗ,
ಕೇಳುವುದಕ್ಕೂ ಹೆಬ್ಬೆಟ್ಟಿಗೂ ನಡುವೆ
ಒಂದು ರಾತ್ರಿ ಇರಲಿ.

ಇಷ್ಟು ಸಣ್ಣ ಮಾತು
ಗುಳೇದಗುಡ್ಡದಿಂದ ವಿಧಾನಸೌಧ ಮುಟ್ಟಲು
ಎಷ್ಟು ಖರ್ಚು ಎಂದು ನಾನು ಕೂಡಿಸಬೇಕಿತ್ತು.
ವಕೀಲರ ಕರಡು. ರಾತ್ರಿ ರೈಲು, ಆರು ಸಲ.
ಅಧಿಕಾರಿಗಳಿಗೆ ಒಂದು ದಿನದ ಕಾರ್ಯಾಗಾರ,
ಊಟ, ಫೈಲು, ಹೂಗುಚ್ಛ (ಮೇಡಮ್ಮು ಹೂಗುಚ್ಛ ಹೊಡೆದರು).
ತುಳಸವ್ವನ ಮಾತು ಇಂಗ್ಲಿಷಿಗೆ,
ಅಲ್ಲಿಂದ ಮತ್ತೆ ಸರಕಾರಿ ಕನ್ನಡಕ್ಕೆ:
ಪುಟಕ್ಕೆ ನಾಲ್ಕುನೂರು, ಎರಡು ಸಲ.
ಕೊನೆಗೆ, ಆ ಮುನ್ನೂರಾ ಹನ್ನೊಂದು ಮಂದಿಗೆ
ಏನಾಯಿತೆಂದು ಹೋಗಿ ಹೇಳಿಬರುವ ಬಸ್ ಚಾರ್ಜು.

ಮಂಜೂರಾಯಿತು. ಕೊನೆಯ ಸಾಲೊಂದು ಬಿಟ್ಟು.
'ಇದರಿಂದ ನೀತಿಗೆ ಆಗುವ ಲಾಭ ಸ್ಪಷ್ಟವಿಲ್ಲ.'

ಕಾಗದದ ಬಲ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಹಳೇ ಬಾಗಲಕೋಟೆಯಲ್ಲಿ ನಮ್ಮ ಬಾಗಿಲಿಗೆ
ನೋಟೀಸು ಅಂಟಿಸಿದಾಗ ನಾನು ಏಳನೆತ್ತೆ.
ಹಿನ್ನೀರು ಆಮೇಲೆ ಬಂತು;
ನಮ್ಮ ಓಣಿ ಮೊದಲು ಮುಳುಗಿದ್ದು ಶಾಯಿಯಲ್ಲಿ.
ಅಂಥದೇ ಕಾಗದ ಒಮ್ಮೆಯಾದರೂ
ಒಬ್ಬರನ್ನು ಮೇಲೆತ್ತುವುದು ನೋಡಬೇಕೆಂದು
ಎರಡು ವರ್ಷ ರಸೀದಿ ಅಂಟಿಸಿದೆ.

ಸುತ್ತೋಲೆ ಬಂತು.
ಮೂರನೇ ಪುಟ, ಕಂಡಿಕೆ ಏಳು, ಉಪಕಂಡಿಕೆ ಆ:
'ತುರ್ತಲ್ಲದ ಪ್ರಕರಣಗಳಲ್ಲಿ ಸಂಬಂಧಪಟ್ಟ ಮಹಿಳೆಗೆ
ಸೂಕ್ತ ಕಾಲಾವಕಾಶ ನೀಡತಕ್ಕದ್ದು.'

ಮೇಡಮ್ಮು ಅಮೀನಗಡದ ಕರದಂಟು ತರಿಸಿದ್ದರು.
ಪೊಟ್ಟಣ ಸಂಜೆತನಕ ಮೇಜಿನ ಮೇಲಿತ್ತು.
ದಾರ ಯಾರೂ ಬಿಚ್ಚಲಿಲ್ಲ.

ಮರುವಾರ, ಬಸ್ ಚಾರ್ಜನ್ನು
ಲೇಖನ ಸಾಮಗ್ರಿಯ ಬಾಬ್ತಿನಲ್ಲಿ ಅಡಗಿಸಿ
ಗುಳೇದಗುಡ್ಡಕ್ಕೆ ಹೋದೆ.
ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು.
ಉಪಕಂಡಿಕೆ ಆ ಓದಿದೆ.
ಲಾಳಿ ನಿಲ್ಲಿಸಿ ಕೇಳಿಸಿಕೊಂಡಳು, ಇನ್ನೊಮ್ಮೆ ಓದಿಸಿದಳು.

"ಸೂಕ್ತ ಅಂದ್ರ ಎಷ್ಟ್ರಿ?
ಮೊಳಾನೋ, ಗೇಣೋ?"

ಬಾಯಿ ತೆರೆದೆ. ಕೈ ತಾನಾಗಿ
ಕಿಸೆಯ ಪೆನ್ನಿಗೆ ಹೋಗಿತ್ತು.
ಆಕೆ ಅರ್ಧ ನೇಯ್ದ ಖಣದ ಮೇಲೆ ಅಂಗೈ ಊರಿ
ನಕ್ಕಳೋ ಇಲ್ಲವೋ, ಕತ್ತಲಿತ್ತು ಕೋಣೆಯಲ್ಲಿ.

"ಈಗ ಹೇಳಬ್ಯಾಡ್ರಿ," ಅಂದಳು.
"ಮನೀಗೆ ಹೋಗ್ರಿ. ರಾತ್ರಿ ವಿಚಾರ ಮಾಡ್ರಿ.
ನಾಳೆ ಬಂದು ಹೇಳ್ರಿ."