ಗೂಡ್ಸು ದಾಟುವಷ್ಟು ಹೊತ್ತು

ತಂಗಿ ಟ್ವೈಲಾಳ ಮೊದಲ ಆಲ್ಬಮ್ಮು ಬಂತು.
ಮೆಂಫಿಸ್ಸಿನ ಪತ್ರಿಕೆ ಅರ್ಧ ಪುಟ ಹೊಗಳಿದೆ;
ನನ್ನ ಟೈರಂಗಡಿಯ ಗೋಡೆಗೆ ಅಂಟಿಸಿದ್ದೇನೆ,
ಗ್ರೀಸಿನ ಕೈಗಳಿಗೆ ಎಟುಕದಷ್ಟು ಮೇಲೆ.

ನಾಲ್ಕನೇ ಹಾಡಿನ ನಡುವೆ ಒಂದು ಮೌನವಿದೆಯಂತೆ:
ಗಿಟಾರೂ ಇಲ್ಲ, ಉಸಿರೂ ಇಲ್ಲ,
ಹನ್ನೊಂದು ಸೆಕೆಂಡು.
‘ಎಂಥ ಧೈರ್ಯ, ಎಂಥ ಸಂಯಮ’
ಎಂದು ಬರೆದ ಪುಣ್ಯಾತ್ಮ
ಅರ್ಕಾನ್ಸಾದ ನಮ್ಮ ಟ್ರೇಲರ್ ಮನೆಯಲ್ಲಿ
ಒಂದು ರಾತ್ರಿಯೂ ಮಲಗಿದವನಲ್ಲ.

ಅಡುಗೆಮನೆಯಿಂದ ಹಳಿಗೆ ಮೂವತ್ತೇ ಹೆಜ್ಜೆ.
ಒಂಬತ್ತೂ ಹತ್ತರ ಗೂಡ್ಸು ಬಂತೆಂದರೆ
ತಟ್ಟೆಗಳು ನಡುಗಿ, ಅಪ್ಪನ ಬೈಗುಳ ಅರ್ಧಕ್ಕೇ ನಿಂತು,
ಅವಳ ಹಾಡೂ ನಿಂತು.
ಬಾಯಿ ತೆರೆದೇ ಕಾಯುತ್ತಿದ್ದಳು
ಮೈಕಿನ ಹಾಗೆ ಸೌಟು ಎತ್ತಿಹಿಡಿದು.
ಕೊನೇ ಬೋಗಿ ದಾಟಿದ್ದೇ
ಬಿಟ್ಟ ಅಕ್ಷರದಿಂದಲೇ ಶುರು.
ಅಪ್ಪನಿಗೆ ಮಾತ್ರ
ಯಾಕೆ ಬೈಯುತ್ತಿದ್ದನೆಂಬುದು ಮರೆತಿರುತ್ತಿತ್ತು.

ಮೆಚ್ಚಲಿ ಲೋಕ. ನನ್ನದೊಂದೇ ತಕರಾರು:
ನೂರಾ ಹತ್ತು ಬೋಗಿ, ಮೂರು ನಿಮಿಷ.
ಹನ್ನೊಂದು ಸೆಕೆಂಡಿಗೆ
ಎಂಜಿನ್ನೂ ಪೂರ್ತಿ ದಾಟುವುದಿಲ್ಲ, ಟ್ವೈಲಾ.

ರಾತ್ರಿ ಶಟರ್ ಎಳೆದು ಹಾಡು ಹಾಕುತ್ತೇನೆ.
ಆ ಜಾಗ ಬಂದಾಗ
ಗುಂಡಿ ಒತ್ತಿ ನಿಲ್ಲಿಸಿ
ಉಳಿದ ಬೋಗಿಗಳನ್ನೆಲ್ಲ ಹೋಗಗೊಡುತ್ತೇನೆ.
ಆಮೇಲೆ ಅವಳನ್ನು
ಹಾಡಲು ಬಿಡುತ್ತೇನೆ.